ಕ್ಲಚ್ ಸವೆದ್ರೆ ಹೆಂಗಸರ ಕಾಲೇ ಯಾಕ್ರೀ ಕಣ್ಣಿಗೆ ಬೀಳೋದು?

ಗೇರ್ ಹಾಕುವಾಗ ಕರಕರ ಅಂದ್ರೆ ಸಾಕು, ಬಾನೆಟ್ ಎತ್ತೋಕಿಂತ ಮೊದ್ಲೇ ಪ್ರಶ್ನೆ: "ಮನ್ಯಾಗ ಹೆಂಗಸರು ಓಡಿಸ್ತಾರೇನ್ರೀ?" ಹೌದು ಅಂದ್ರೆ ತೀರ್ಪು ಆಯ್ತು, ಕ್ಲಚ್ ಸೆಟ್ ಹೋಗೈತಿ. ಮನೆಗೆ ಬಂದ್ಮೇಲೆ ಅದೇ ಮಾತು ಉಪ್ಪುಖಾರ ಹಚ್ಚಿಕೊಂಡು ಮತ್ತೊಮ್ಮೆ. ಆಮೇಲೆ ಕೀಲಿ ಮೊಳೆಗೆ ನೇತಾಡತೈತಿ, ನಾವು ಆಟೋ ಹತ್ತತೀವಿ. ನಮ್ಮ ಓಣಿಯಾಗ ಇಬ್ಬರು ಹಿಂಗೇ ಡ್ರೈವಿಂಗ್ ಬಿಟ್ಟರು. ನಂಗೆ ಸಿಟ್ಟು ಬರೋದು ಅಲ್ಲೇ.

ಅರ್ಧ ಕ್ಲಚ್ ಒತ್ತಿಕೊಂಡೇ ಓಡಿಸಿದ್ರೆ ಪ್ಲೇಟ್ ಸವೀತೈತಿ, ಅದು ಖರೆ. ಆದ್ರೆ ಪ್ಲೇಟಿಗೆ ಸೀರೆ ಉಟ್ಟೋರ ಕಾಲು, ಪ್ಯಾಂಟ್ ಹಾಕ್ಕೊಂಡೋರ ಕಾಲು ಅಂತ ಭೇದ ಗೊತ್ತಾಗಲ್ಲ. ರೈಲ್ವೆ ಗೇಟ್ ಬಿದ್ದಾಗ ಸಾಲಿನಾಗ ಕ್ಲಚ್ ತುಳಿದುಕೊಂಡೇ ಇಂಚಿಂಚು ಮುಂದೆ ತಳ್ಳೋ ಗಂಡಸರನ್ನ ಎಣಿಸಿ ನೋಡ್ರಿ.

ನಮ್ಮ ಚಿಗವ್ವನ ಕಾರು ರಿವರ್ಸ್ ಬೀಳವಲ್ದಾಗಿತ್ತು. ಒಂದು ಗ್ಯಾರೇಜಿನವರು "ಪ್ಲೇಟ್ ಸುಟ್ಟೈತಿ" ಅಂದ್ರು. ಇನ್ನೊಬ್ಬ ಮೇಸ್ತ್ರಿ ಕ್ಲಚ್ ಕೇಬಲ್ ಬಿಗಿ ಮಾಡಿ ಕಳಿಸಿದ. ಅಷ್ಟೇ! ಕ್ಲಚ್ ಸೆಟ್ ಬದಲಾಯಿಸಬೇಕಂದ್ರೆ ಗೇರ್‌ಬಾಕ್ಸನ್ನೇ ಇಳಿಸಬೇಕು, ಕೂಲಿನೂ ಅದಕ್ಕೇ ಜಾಸ್ತಿ. ಅಂಥಾ ಕೆಲಸಕ್ಕೆ ಹ್ಞೂಂ ಅನ್ನೋಕೆ ಮುಂಚೆ ನಾವೇ ನೋಡಬೌದು.

ಇಂಜಿನ್ ಬಂದ್ ಇದ್ದಾಗ ಎಲ್ಲಾ ಗೇರ್ ಸಲೀಸಾಗಿ ಬಿದ್ದು, ಚಾಲೂ ಮಾಡಿದ್ಮೇಲೆ ಬೀಳದಿದ್ರೆ, ಕ್ಲಚ್ ಪೂರ್ತಿ ಬಿಡಿಸಿಕೊಳ್ತಿಲ್ಲ ಅಂತ ಅರ್ಥ. ಮೊದ್ಲು ಪೆಡಲ್ ಕೆಳಗಿನ ಮ್ಯಾಟ್ ಮುದುಡೈತೇನು ನೋಡ್ರಿ (ನಗಬ್ಯಾಡ್ರಿ, ಆಗತೈತಿ). ಆಮೇಲೆ ಕೇಬಲ್. ಪೆಡಲ್ ಮೆತ್ತಗಾಗಿ ಕೆಳಗೇ ಕುಂತ್ರೆ ಬ್ರೇಕ್ ಆಯಿಲ್ ಡಬ್ಬಿ ನೋಡ್ರಿ. ಸುಮಾರು ಕಾರುಗಳಾಗ ಕ್ಲಚ್ಚಿಗೂ ಅದೇ ಎಣ್ಣೆ. ಕಮ್ಮಿ ಇದ್ರೆ ಗಾಡಿ ತೆಗೀಲೇಬ್ಯಾಡ್ರಿ, ಮೇಸ್ತ್ರಿನ ಮನೆಗೇ ಕರೆಸ್ರಿ. ಇಂಜಿನ್ ಬಂದ್ ಇದ್ರೂ ಗೇರ್ ಬಿಗಿ ಇದ್ರೆ ತೊಂದರೆ ಗೇರ್ ಕಡ್ಡಿಯ ಜೋಡಣೆಯಾಗೋ ಗೇರ್‌ಬಾಕ್ಸಿನಾಗೋ ಇರತೈತಿ. ಒಂದೇ ಗೇರ್ ಕರಕರ ಅಂದ್ರೆ ಆ ಗೇರಿನ ಸಿಂಕ್ರೋ ರಿಂಗ್ ಸವೆದಿರಬೌದು. ಕ್ಲಚ್ ತುಳಿದಾಗ ಮಾತ್ರ ಸದ್ದು ಬಂದ್ರೆ ರಿಲೀಸ್ ಬೇರಿಂಗ್ ಮೇಲೆ ಅನುಮಾನ.

ಪ್ಲೇಟ್ ನಿಜವಾಗಿ ಹೋಗಿದ್ರೆ ಹರಿಹರದ ಹೈವೇನಾಗೇ ಗೊತ್ತಾಗತೈತಿ: ಆಕ್ಸಿಲೇಟರ್ ಒತ್ತಿದ್ರೆ ಇಂಜಿನ್ ಅರಚತೈತಿ, ಗಾಡಿ ಮಾತ್ರ ಜೋರಾಗಲ್ಲ, ಸುಟ್ಟ ವಾಸನೆ ಬರತೈತಿ. ಇನ್ನೂ ಅನುಮಾನ ಇದ್ರೆ ಸಮ ಬಯಲಾಗ, ಮುಂದೆ ಯಾರೂ ಇಲ್ಲದಾಗ, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ತುಳಿದು, ನಾಲ್ಕನೇ ಗೇರಿನಾಗ ಕ್ಲಚ್ ಮೆಲ್ಲಗೆ ಬಿಡ್ರಿ. ಇಂಜಿನ್ ಬಂದ್ ಆದ್ರೆ ಹಿಡಿತ ಐತಿ. ಓಡ್ತಾನೇ ಇದ್ರೆ ಜಾರ್ತೈತಿ. ಒಂದೇ ಸಲ ಮಾಡ್ರಿ, ಪದೇ ಪದೇ ಮಾಡಿದ್ರೆ ಇದ್ದ ಪ್ಲೇಟೂ ಸುಡತೈತಿ.

"ನಿಮಗ್ಯಾಕ್ರೀ ಮಷಿನ್ ಉಸಾಬರಿ" ಅಂತಾರೆ. ಕಿರ್ಲೋಸ್ಕರ್ ಕಾರ್ಖಾನ್ಯಾಗ ಲೇತ್ ಕಟ್ಟಿದ ಊರು ಹರಿಹರ. ಅಲ್ಲಿ ಎಷ್ಟೋ ಮನ್ಯಾಗ ಗೇರು, ಬೇರಿಂಗು ಅನ್ನೋ ಮಾತು ಊಟದ ತಟ್ಟೆವರೆಗೂ ಬಂದಿದ್ವು. ಮಿಕ್ಸಿ ಸದ್ದು ಬದಲಾದ್ರೆ ಪಡಸಾಲ್ಯಾಗಿಂದ್ಲೇ ಹೇಳೋ ಕಿವಿಗೆ ಕಾರಿನ ಸದ್ದು ತಿಳಿಯಲ್ವಾ?

ಮುಂದಿನ ಸಲ ಗ್ಯಾರೇಜಿಗೆ ಹೋದಾಗ "ಗೇರ್ ಬೀಳ್ತಿಲ್ಲ" ಅಂತಷ್ಟೇ ಹೇಳಬ್ಯಾಡ್ರಿ. ಯಾವ ಗೇರು, ಇಂಜಿನ್ ಚಾಲೂ ಇದ್ದಾಗ್ಲೋ ಬಂದ್ ಇದ್ದಾಗ್ಲೋ, ಕ್ಲಚ್ ತುಳಿದಾಗ ಸದ್ದೋ ಬಿಟ್ಟಾಗ್ಲೋ, ಹೇಳ್ರಿ. ಪ್ಲೇಟ್ ಹಾಕೋದೇ ಆದ್ರೆ ಬಿಚ್ಚಿದ ಹಳೇ ಪ್ಲೇಟ್ ಕೈಗೆ ಕೊಡು ಅಂತ ಮೊದ್ಲೇ ಕೇಳಿಟ್ಟಿರ್ರಿ.