ಭಾವಚಿತ್ರದ ಹಿಂದಿನ ಬಾಳು

ಸನ್ಮಾನ ಸಮಾರಂಭಗಳ ವರದಿಯೊಡನೆ ನನ್ನ ಮೇಜಿಗೆ ಬರುವ ಛಾಯಾಚಿತ್ರಗಳು ಬಹುಮಟ್ಟಿಗೆ ಒಂದೇ ಬಗೆಯವು: ಹೆಗಲಿಗೆ ಶಾಲು, ಕೊರಳಿಗೆ ಹಾರ, ಕೈಯಲ್ಲಿ ಫಲತಾಂಬೂಲ. ಜೊತೆಗಿರುವ ಪರಿಚಯವೋ ಹುದ್ದೆ, ಪದವಿಗಳ ಪಟ್ಟಿ. ಆ ಹಿರಿಯರು ಬಾಳಿದ ಬಗೆ ಎರಡರಲ್ಲೂ ಕಾಣದು.

೧೯೨೩ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಟಿ. ಎಸ್. ಸತ್ಯನ್ ಅವರು ಮುಂಬಯಿಯ ‘ಇಲಸ್ಟ್ರೇಟೆಡ್ ವೀಕ್ಲಿ’ಯಲ್ಲಿಯೂ ದುಡಿದವರು, ೧೯೭೭ರಲ್ಲಿ ಪದ್ಮಶ್ರೀ ಪಡೆದವರು. ಗಣ್ಯರನ್ನು ಸೆರೆಹಿಡಿದ ಕ್ಯಾಮೆರಾವನ್ನೇ ಅವರು ಅಷ್ಟೇ ಆಸ್ಥೆಯಿಂದ ಮಕ್ಕಳತ್ತ, ದುಡಿಯುವ ಜನರತ್ತ ತಿರುಗಿಸಿದರು. ೨೦೦೫ರಲ್ಲಿ ಇಂಗ್ಲಿಷಿನಲ್ಲಿ ಆತ್ಮಕಥೆಯನ್ನೂ ಬರೆದರು. ನಾಲ್ಕು ವರ್ಷಗಳ ಬಳಿಕ ತೀರಿಕೊಂಡರು. ಬರೆದಿಟ್ಟುದರಿಂದ ಉಳಿಯಿತು.

ಮುಂಬಯಿ ಕನ್ನಡಿಗರ ಹೆಮ್ಮೆಯಾದ ವ್ಯಾಸರಾಯ ಬಲ್ಲಾಳರು ೨೦೦೮ರಲ್ಲಿ, ಯಶವಂತ ಚಿತ್ತಾಲರು ೨೦೧೪ರಲ್ಲಿ ನಮ್ಮನ್ನಗಲಿದರು. ಅವರಿಗೆ ಕೃತಿಗಳ ಆಸರೆಯಿದೆ. ಆದರೆ ಹಗಲು ಹೋಟೆಲಿನಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಕಲಿತವರಿಗೆ, ಕಲಿಸಿದವರಿಗೆ ಯಾವ ಆಸರೆ? ಕುರ್ಲಾದ ಹಳೆಯ ಚಾಳು ತೊರೆದು ಹೊಸ ಕಟ್ಟಡಕ್ಕೆ ಹೋಗುವಾಗ, ಹೆಸರಿಲ್ಲದ ಚಿತ್ರಗಳ ಆಲ್ಬಂ ರದ್ದಿಯವನ ತಕ್ಕಡಿಗೇರುತ್ತದೆ.

ಆದುದರಿಂದ ಓದುಗ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಹಿರಿಯರನ್ನು ವೇದಿಕೆಯಲ್ಲಲ್ಲ, ಅವರು ದುಡಿದ ಗಲ್ಲೆಯ ಬಳಿ, ಪಾಠ ಹೇಳಿದ ಕೋಣೆಯಲ್ಲಿ ಚಿತ್ರಿಸಿರಿ. ಊರು ಬಿಟ್ಟುದೇಕೆ, ಮೊದಲ ರಾತ್ರಿ ತಂಗಿದ್ದೆಲ್ಲಿ, ಕೈ ಹಿಡಿದವರಾರು ಎಂದು ಕೇಳಿ ಬರೆದುಕೊಳ್ಳಿರಿ. ಚಿತ್ರದ ಹಿಂದೆ ಹೆಸರು, ಊರು, ಇಸವಿ ನಮೂದಿಸಿರಿ. ನಮ್ಮ ಪುಟಗಳು ಅವಕ್ಕೆ ತೆರೆದಿವೆ. ಸಂತಾಪಸಭೆಯ ಮುನ್ನಾದಿನ ಚಿತ್ರಕ್ಕಾಗಿ ತಡಕಾಡುವ ಸಮಾಜ ತನ್ನ ಚರಿತ್ರೆಯನ್ನು ಬರೆಯಲಾರದು.