ತೊಗಲುಗೊಂಬೆಯ ಹೊಸ ಪ್ರಸಂಗಗಳು

ತೊಗಲುಗೊಂಬೆಯ ಆಟವನ್ನು ಮೆಚ್ಚುವವರಲ್ಲಿ ಎರಡು ಪಕ್ಷಗಳುಂಟು. ರಾಮಾಯಣ, ಮಹಾಭಾರತಗಳ ಹೊರತು ಬೇರೆ ಪ್ರಸಂಗವು ಪರದೆಗೆ ಸಲ್ಲದೆಂಬುದು ಒಂದು. ಕಾಲಕ್ಕೆ ತಕ್ಕ ಕಥೆ ಬೇಕೆಂಬುದು ಮತ್ತೊಂದು. ಈ ಆಟದ ಮೋಹಕ್ಕೆ ಬಾಲ್ಯದಿಂದಲೂ ಒಳಗಾದ ನನಗೆ ಇವೆರಡರಲ್ಲಿ ಯಾವದೂ ಪೂರ್ತಿಯಾಗಿ ಒಪ್ಪಿಗೆಯಾಗಿಲ್ಲ.

ಹಳೆಯ ಆಟದ ಸೊಬಗನ್ನು ಬಲ್ಲವರೇ ಬಲ್ಲರು. ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು ಬಣ್ಣವಿಟ್ಟ ತೊಗಲು. ಬಿಳಿಯ ಪರದೆಯ ಹಿಂದೆ ಎಣ್ಣೆಯ ದೀಪ. ಅಲ್ಲಿಯೇ ಕುಳಿತ ಇಡಿಯ ಸಂಸಾರ. ಗಂಡಸು ಗೊಂಬೆಗಳನ್ನು ಕುಣಿಸುತ್ತ ಮಾತನಾಡುವನು; ಹೆಂಗಸರು ಪದಗಳನ್ನು ಹಾಡಿ ಸೀತೆ, ದ್ರೌಪದಿಯರಿಗೆ ಕಂಠವನ್ನು ಕೊಡುವರು. ರಾವಣನ ಒಡ್ಡೋಲಗದ ನಡುವೆ ಕಿಳ್ಳೇಕ್ಯಾತನೂ ಬಂಗಾರಕ್ಕನೂ ನುಗ್ಗಿ, ದೊರೆಯನ್ನೂ ಊರಗೌಡನನ್ನೂ ಒಂದೇ ತಕ್ಕಡಿಯಲ್ಲಿಟ್ಟು ಅಣಕಿಸುವರು. ಈ ಕಲಾವಿದರ ಮನೆಮಾತು ಮರಾಠಿಯನ್ನು ಹೋಲುವ ನುಡಿ. ಹಾಡುವದು ಮಾತ್ರ ಕನ್ನಡದಲ್ಲಿ! ವಿಜಯಪುರ–ಸೊಲ್ಲಾಪುರ ಹೆದ್ದಾರಿಯ ಮೇಲಿನ ಝಳಕಿಯವರಾದ ನಮಗೆ ಎರಡು ನುಡಿಗಳ ಸಂಗವು ಹೊಸದಲ್ಲ. ಆದರೂ ಇದನ್ನು ನೆನೆದಾಗಲೆಲ್ಲ ಬೆರಗಾಗುವದು.

ಇನ್ನು ಹೊಸ ಪ್ರಸಂಗಗಳು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಮೊದಲು ರಂಗಭೂಮಿಯ ನಟರು. ಈ ಕಲೆಗೆ ಒಲಿದು ಬಂದು ಸ್ವಾತಂತ್ರ್ಯ ಸಂಗ್ರಾಮವನ್ನೂ ಗಾಂಧೀಜಿಯವರ ಚರಿತ್ರೆಯನ್ನೂ ತೊಗಲಿನಲ್ಲಿ ಮೂಡಿಸಿದರು. ಅವರು 2023ರಲ್ಲಿ ತೀರಿಕೊಂಡರು. ಬಾಪುವಿನ ನೆರಳು ಪರದೆಯ ಮೇಲೆ ನಡೆದುಬರುವಾಗ ಮೈ ಝುಮ್ಮೆನ್ನದವರು ವಿರಳ. ಹೊಸ ದ್ರಾಕ್ಷಾರಸಕ್ಕೆ ಹಳೆಯ ಬುದ್ದಲಿಯು ಒಡೆಯುವದೆಂದು ನಾವೆಲ್ಲರೂ ಈ ಶಾಲೆಯಲ್ಲಿಯೇ ಓದಿದ್ದೇವೆ. ಈ ತೊಗಲು ಒಡೆಯಲಿಲ್ಲ.

ನನ್ನ ತಕರಾರು ಕಥೆಯ ವಿಷಯವಾಗಿ ಅಲ್ಲ. ರಾತ್ರಿಯೆಲ್ಲ ನಡೆಯುತ್ತಿದ್ದ ಆಟವು ತಾಸು, ಒಂದೂವರೆ ತಾಸಿಗೆ ಇಳಿದಿದೆ, ಅದನ್ನಾದರೂ ಸಹಿಸಬಹುದು. ವಿದ್ಯುದ್ದೀಪದ ಬೆಳಕು ಅಲುಗದು. ಎಣ್ಣೆಯ ದೀಪದಲ್ಲಿ ನಿಂತ ಗೊಂಬೆಯೂ ಉಸಿರಾಡಿದಂತೆ ಕಾಣುತ್ತಿತ್ತು. ಹಾಡುಗಳನ್ನು ಮೊದಲೇ ಮುದ್ರಿಸಿಟ್ಟು ಕೇಳಿಸುವ ಕಡೆಗಳಲ್ಲಂತೂ ಗೊಂಬೆಯೇ ಹಾಡಿನ ಹಿಂದೆ ಓಡಬೇಕಾಗುತ್ತದೆ. ಎಲ್ಲಕ್ಕಿಂತ ಹೆಚ್ಚಿನ ನಷ್ಟವು ಕಿಳ್ಳೇಕ್ಯಾತನದು. ಕುಟುಂಬ ಯೋಜನೆ, ಸಾಕ್ಷರತೆ ಮೊದಲಾದ ಪ್ರಚಾರಕ್ಕೆ ಈ ಕಲೆಯನ್ನು ಬಳಸಿದಂದಿನಿಂದ ಎಲ್ಲರನ್ನೂ ನಗೆಯಾಡುತ್ತಿದ್ದ ಆ ತುಂಟನು ಎಲ್ಲರಿಗೂ ಬುದ್ಧಿ ಹೇಳುವ ಉಪದೇಶಿಯಾಗಿದ್ದಾನೆ. ಉಪದೇಶಕ್ಕೆ ಬೇರೆ ಜನರಿಲ್ಲವೇ? ಅಂಥ ಆಟದಲ್ಲಿ ಮಕ್ಕಳು ಆಕಳಿಸುವದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪುರಸ್ಕಾರವು ಸಂದಿತು. ಆಗ ಅವರ ವಯಸ್ಸು 96. ಪರದೆಯ ಹಿಂದೆ ಕುಳಿತ ಹೆಂಗಸಿನ ಹೆಸರು ಪರದೆಯ ಮುಂದೆ ಬಂದ ಆ ದಿನ, ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿತ ನಮಗೆ ಹಬ್ಬವೇ ಸರಿ.

ಆದುದರಿಂದ ಪಾಲಕರಲ್ಲಿಯೂ ಸಹೋದರಿಯರಲ್ಲಿಯೂ ಒಂದು ಬಿನ್ನಹ. ಶಾಲೆಗೆ ಮೇಳವನ್ನು ಕರೆಯಿಸಿದಾಗ ಪ್ರಸಂಗವನ್ನು ಅವರೇ ಆರಿಸಲಿ, ಗಾಂಧೀಜಿಯಾದರೂ ಆಗಲಿ, ರಾವಣನಾದರೂ ಆಗಲಿ. ಹಾಡುಗಳನ್ನು ಮಾತ್ರ ಮೇಳದ ಹೆಂಗಸರೇ ಹಾಡಬೇಕೆಂದು ಕೇಳೋಣ. ಅದಕ್ಕೆ ತಕ್ಕ ಸಂಭಾವನೆಯನ್ನೂ ಮೂರು ತಾಸಿನ ವೇಳೆಯನ್ನೂ ಕೊಡೋಣ. ಕಿಳ್ಳೇಕ್ಯಾತನು ಅಣಕಿಸಿದರೆ ಸಿಟ್ಟಾಗಬಾರದೆಂದು ಮುಖ್ಯೋಪಾಧ್ಯಾಯಿನಿಯವರಿಗೆ ಮೊದಲೇ ತಿಳಿಸಿಡೋಣ.