ಬಲಿಪೂಜೆಯಲ್ಲಿ ರಾಕ್ ಸಂಗೀತ ಸಲ್ಲುವುದೇ?

ನಗರದ ಇಗರ್ಜಿಗಳಲ್ಲಿ ನಡೆಯುವ ಮದುವೆಯ ಹಾಗೂ ಯುವಜನರ ಬಲಿಪೂಜೆಗಳಲ್ಲಿ ಕೀಬೋರ್ಡ್, ಗಿಟಾರ್, ಡ್ರಮ್ಸ್ ಕೇಳಿಬರುವುದು ಇಂದು ಹೊಸತೇನಲ್ಲ. ಆದರೂ ಗೀತೆಯೊಂದು ರಾಕ್ ಶೈಲಿಯಲ್ಲಿ ಮೊಳಗಿದಾಗ ಹಿರಿಯರ ಹುಬ್ಬು ಗಂಟಿಕ್ಕುತ್ತದೆ, ಅವರ ಮಾತು ಕೇಳಿ ಕಿರಿಯರ ಮುಖ ಬಾಡುತ್ತದೆ. ಇಗರ್ಜಿಯ ಅಂಗಳದಲ್ಲಿ ಆರಂಭವಾಗುವ ಈ ಚರ್ಚೆ ಗಾಯನ ಮಂಡಳಿ ಒಡೆಯುವುದರಲ್ಲಿ ಕೊನೆಗಾಣಬಾರದು. ಆದುದರಿಂದ ವಿಷಯವನ್ನು ಶಾಂತಚಿತ್ತದಿಂದ ಪರಿಶೀಲಿಸಬೇಕೆಂದು ನಮಗೆ ತೋರುತ್ತದೆ.

ಮೊದಲಿಗೆ ಧರ್ಮಸಭೆಯ ಮಾತನ್ನು ಕೇಳೋಣ. 1903ರಲ್ಲಿ ಜಗದ್ಗುರು ಹತ್ತನೆಯ ಪಿಯೂಸರು ಡ್ರಮ್, ತಾಳಗಳಂತಹ ಗದ್ದಲದ ವಾದ್ಯಗಳನ್ನು ಮಾತ್ರವಲ್ಲ, ಪಿಯಾನೋವನ್ನೂ ಇಗರ್ಜಿಯಲ್ಲಿ ನಿಷೇಧಿಸಿದ್ದರು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಆರ್ಗನ್‌ಗೆ ಗೌರವದ ಸ್ಥಾನವನ್ನು ಉಳಿಸಿಕೊಂಡೇ, ಪವಿತ್ರ ಬಳಕೆಗೆ ಒಗ್ಗುವ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. 1967ರ ಸೂಚನೆಯು ಲೌಕಿಕ ಸಂಗೀತಕ್ಕೆ ಮಾತ್ರ ತಕ್ಕದ್ದೆಂದು ಜನಾಭಿಪ್ರಾಯವಿರುವ ವಾದ್ಯಗಳನ್ನು ದೂರವಿರಿಸಿತು.

ಆದರೆ ಜನಾಭಿಪ್ರಾಯ ನಿಂತ ನೀರಲ್ಲ. ನಮ್ಮ ಗುಮಟೆಯನ್ನೇ ನೋಡಿರಿ. ಅದು ಮದುವೆಮನೆಯ ವಾದ್ಯ, ರೋಸ್ ಸಂಭ್ರಮದ ಒಡನಾಡಿ. 1986ರಲ್ಲಿ ಹುಟ್ಟಿದ ಮಾಂಡ್ ಸೊಭಾಣ್ ಸಂಸ್ಥೆ ಕೊಂಕಣಿ ಜನಪದ ಸಂಗೀತಕ್ಕೆ ಮರಳಿ ಮರ್ಯಾದೆ ತಂದ ಮೇಲೆ, ಗುಮಟೆಯ ನಾದವು ಪೂಜೆಯಲ್ಲಿ ಕೇಳಿಸಿದರೆ ಬೆಚ್ಚಿಬೀಳುವವರು ವಿರಳ. 150ನೆಯ ಕೀರ್ತನೆಯಲ್ಲಂತೂ ತಮಟೆ, ತಾಳಗಳೂ ದೇವರ ಸ್ತುತಿಗೆ ಸೇರಿವೆ. ಹೀಗಿರುವಾಗ ದೋಷವನ್ನು ವಾದ್ಯದ ತಲೆಗೆ ಕಟ್ಟುವುದು ನ್ಯಾಯವಲ್ಲ.

ದೋಷವಿರುವುದು ಬೇರೆಡೆ. ಅದೇ 1967ರ ಸೂಚನೆಯಲ್ಲಿ ಇನ್ನೊಂದು ಮಾತಿದೆ: ಪದಗಳು ಕೇಳಿಸದಂತೆ ವಾದ್ಯದ ಸದ್ದು ಕಂಠವನ್ನು ಮುಳುಗಿಸಬಾರದು. ಧ್ವನಿವರ್ಧಕದ ಅಬ್ಬರಕ್ಕೆ ಭಕ್ತರು ಬಾಯಿ ಮುಚ್ಚಿ ನಿಂತರೆ, ಅವರು ಆರಾಧಕರಾಗಿ ಉಳಿಯದೆ ಪ್ರೇಕ್ಷಕರಾಗುತ್ತಾರೆ. ಮಹಾಸಭೆ ಬಯಸಿದ್ದು ಸರ್ವರ ಸಕ್ರಿಯ ಭಾಗವಹಿಸುವಿಕೆಯನ್ನು. ಹಾಗೆಂದು ತಪ್ಪು ಯುವಜನರದು ಮಾತ್ರವಲ್ಲ. ಜನರಿಗೆ ಹಾಡಲಾಗದ ನಾಲ್ಕು ಸ್ವರಗಳ ಲ್ಯಾಟಿನ್ ಗೀತೆಯನ್ನು ಗಾಯನ ಮಂಡಳಿ ತಾನೊಂದೇ ಹಾಡಿ ಮೆರೆದಾಗಲೂ ಭಕ್ತರ ಪಾಲಿಗೆ ಉಳಿಯುವುದು ಮೌನವೇ.

ರಾಕ್ ಸಂಗೀತಕ್ಕೆ ಸ್ಥಳವೇ ಇಲ್ಲವೆಂದು ನಾವು ಹೇಳುತ್ತಿಲ್ಲ. 1997ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಬೊಲೊನ್ಯಾದಲ್ಲಿ ನಡೆದ ಪರಮಪ್ರಸಾದ ಸಮ್ಮೇಳನದಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಅವರ ಎದುರಿಗೇ ಬಾಬ್ ಡಿಲನ್ ಹಾಡಿದರು. ಆದರೆ ಅದು ಯುವಜನರ ಸಂಗೀತ ಸಂಜೆಯಲ್ಲಿ, ಬಲಿಪೂಜೆಯಲ್ಲಲ್ಲ. ಈ ಭೇದವನ್ನು ನಾವೂ ಪಾಲಿಸಬಹುದು. ಐ.ಸಿ.ವೈ.ಎಂ. ಕಾರ್ಯಕ್ರಮಕ್ಕೆ, ಹಬ್ಬದ ಸಂಜೆಯ ವೇದಿಕೆಗೆ ರಾಕ್ ಬರಲಿ. ಹಿರಿಯರೂ ಹೋಗಿ ಕುಳಿತು ಕೇಳಲಿ. ಪೂಜೆಯಲ್ಲಿ ಗಿಟಾರ್, ಡ್ರಮ್ಸ್ ಇರುವುದಾದರೆ ಅವು ಜನರ ಕಂಠಕ್ಕೆ ಊರುಗೋಲಾಗಿರಲಿ. ತಪಸ್ಸುಕಾಲದಲ್ಲಿ ವಾದ್ಯಗಳು ಗಾಯನಕ್ಕೆ ಆಸರೆಯಾಗಿ ಮಾತ್ರ ಇರಬೇಕೆಂಬ ನಿಯಮವೂ ನೆನಪಿರಲಿ. ಪೂಜೆಗೆ ಮುನ್ನ ಹತ್ತು ನಿಮಿಷ ಹೊಸ ಗೀತೆಯನ್ನು ಎಲ್ಲರಿಗೂ ಕಲಿಸುವ ಪರಿಪಾಠ ಬೆಳೆಯಲಿ.

18ನೆಯ ಶತಮಾನದಲ್ಲಿ ಫಾದರ್ ಜೋಕಿಂ ಮಿರಾಂದಾ ರಚಿಸಿದ 'ರಿಗ್ಲೊ ಜೆಜು ಮೊಳ್ಯಾಂತುಂ' ಎಂಬ ಶೋಕಗೀತೆ ನಮ್ಮ ಕಾಲದವರೆಗೆ ಬಂದುದು ವಾದ್ಯದ ಬಲದಿಂದಲ್ಲ, ಜನರ ನಾಲಿಗೆಯ ಬಲದಿಂದ. ಇಂದಿನ ಗಾಯನ ಮಂಡಳಿಗಳಿಗೆ ನಮ್ಮ ಪ್ರಶ್ನೆ ಇಷ್ಟೇ: ಒಂದು ಭಾನುವಾರ ವಿದ್ಯುತ್ ಕೈಕೊಟ್ಟರೆ ನಿಮ್ಮ ಗೀತೆಯನ್ನು ಭಕ್ತರು ಮುಂದುವರಿಸಬಲ್ಲರೇ? ಬಲ್ಲರಾದರೆ ಅದರ ಶೈಲಿಯ ಬಗ್ಗೆ ನಮಗೆ ತಕರಾರಿಲ್ಲ.